ಲಿಫ್ಟಣ್ಣನ ಇಫ್ ಓನ್ಲಿ

ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬಲ್ಲವನೆಂದು ಹೆಸರು ಮಾಡಿದ್ದವನು ಲಿಫ್ಟಣ್ಣ ಒಬ್ಬನೇ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಅವನ ಹೆಸರಿಗೇನೂ ಕುಂದು ಬರಲಿಲ್ಲ, ಇನ್ನಷ್ಟು ಹೆಚ್ಚಿತು. ಅದು ಹೇಗೆಂದು ಹೇಳುತ್ತೇನೆ.

ಆರು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವುದು ಅವನ ಕೆಲಸ. ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಹಿಡಿ ಎಳೆದರೆ ಮೇಲೆ, ತಳ್ಳಿದರೆ ಕೆಳಗೆ. ದಿನವಿಡೀ ಅದರಲ್ಲಿ ವಕೀಲರು, ವಿಮೆ ಕಂಪನಿಯವರು, ಹಡಗಿನ ಸರಕಿನ ವ್ಯವಹಾರದವರು ಹತ್ತಿ ಇಳಿಯುತ್ತಿದ್ದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲೇ. ಇಷ್ಟು ಇಂಗ್ಲಿಷಿನ ನಡುವೆ ಸ್ಟೂಲು ಹಾಕಿಕೊಂಡು ಕೂತ ಮನುಷ್ಯನಿಗೆ ಆ ಭಾಷೆ ಹತ್ತದೆ ಇದ್ದೀತೇ? ಹತ್ತಿತು. ಹತ್ತಿದ ರೀತಿ ಮಾತ್ರ ವಿಚಿತ್ರ.

ಲಿಫ್ಟಿನಲ್ಲಿ ಜನ ಪೂರ್ತಿ ವಾಕ್ಯ ಆಡುವುದಿಲ್ಲ. ಮೊದಲರ್ಧವನ್ನು ಕೆಳಗಿನ ಹಜಾರದಲ್ಲೇ ಆಡಿ ಮುಗಿಸಿರುತ್ತಾರೆ. ಬಾಗಿಲು ಮುಚ್ಚಿದ ಕೂಡಲೇ, ಬೇರೆಯವರ ಮುಂದೆ ವ್ಯವಹಾರದ ಮಾತೇಕೆಂದು, ‘ಇವನ್ ದೋ...’ ಎಂದು ನಿಲ್ಲಿಸುತ್ತಾರೆ. ಎರಡನೇ ಮಹಡಿ ದಾಟುವಾಗ ಜೊತೆಯವನು ‘ಬಟ್ ದೆನ್...’ ಎನ್ನುತ್ತಾನೆ. ಬಾಗಿಲು ತೆರೆಯುವಾಗ ಮೊದಲಿನವನು ‘ಆಂಡ್ ಯೆಟ್...’ ಎಂದು ತಲೆಯಾಡಿಸುತ್ತ ಇಳಿದುಹೋಗುತ್ತಾನೆ. ಯಾರು, ಏನು, ಯಾಕೆ ಎಂಬುದೆಲ್ಲ ನಾಲ್ಕನೇ ಮಹಡಿಯ ಗುಟ್ಟು. ಕರ್ತೃ ಕರ್ಮ ಕ್ರಿಯಾಪದಗಳು ಮೆಟ್ಟಿಲು ಹತ್ತಿ ಹೋಗುತ್ತಿದ್ದವೋ ಏನೋ, ಲಿಫ್ಟಣ್ಣನ ಪಾಲಿಗೆ ಬಂದದ್ದು ಬರೀ ‘ಆದರೂ’ಗಳು, ‘ಅದಕ್ಕೇ’ಗಳು, ‘ಅಷ್ಟಿದ್ದೂ’ಗಳು.

ಹಾಗೆಂದು ಹಗುರವಾಗಿ ತಿಳಿಯಬೇಡಿ. ಇದ್ದಷ್ಟನ್ನು ಅವನು ಶ್ರದ್ಧೆಯಿಂದ ಸಾಕಿಕೊಂಡಿದ್ದ. ಯಾವುದರ ಪಕ್ಕ ಯಾವುದನ್ನು ಕೂರಿಸಿದರೆ ಎಷ್ಟು ತೂಕ ಬರುತ್ತದೆಂದು ಅವನಿಗೆ ತಿಳಿದಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ಟರಿಗೆ ಪಾಠ ಹೇಳುತ್ತಿದ್ದ.

“ನೋಡಿ ಸಾರ್, ‘ಬಟ್’ ಒಂದೇ ಬಂದ್ರೆ ಬ್ರಹ್ಮಚಾರಿ ಇದ್ದ ಹಾಗೆ. ಯಾರೂ ಲೆಕ್ಕಕ್ಕಿಡಲ್ಲ. ಪಕ್ಕದಲ್ಲಿ ‘ದೆನ್’ ಕೂರಿಸಿ. ‘ಬಟ್ ದೆನ್’! ಈಗ ಸಂಸಾರಸ್ಥ. ಗೌರವ ಬಂತೋ ಇಲ್ವೋ?”

“ಬಂತಪ್ಪಾ ಬಂತು” ಎಂದು ಪೋಸ್ಟ್ ಮಾಸ್ಟರು ತಲೆದೂಗುತ್ತಿದ್ದರು. ಅವರು ಜೀವಮಾನವಿಡೀ ಇಂಗ್ಲಿಷ್ ವಿಳಾಸ ಓದಿದವರು. ಆದರೆ ಆ ಭಾಷೆಯನ್ನು ಯಾರಾದರೂ ಬಾಯಲ್ಲಿ ಆಡಿದರೆ, ಇವರ ಕಿವಿಯಿಂದ ತಲೆಗೆ ಅದು ಬಟವಾಡೆಯಾಗುವಷ್ಟರಲ್ಲಿ ಆಡಿದವರು ಊಟ ಮುಗಿಸಿ ಕೈ ತೊಳೆದಿರುತ್ತಿದ್ದರು.

ಒಮ್ಮೆ ನೀರು ಶುದ್ಧಿ ಮಾಡುವ ಯಂತ್ರ ಮಾರುವವನೊಬ್ಬ ಬೀದಿಗೆ ಬಂದು, ಮನೆಮನೆಯ ಬಾಗಿಲಲ್ಲೂ ಇಂಗ್ಲಿಷ್ ಸುರಿದು ಎಲ್ಲರನ್ನೂ ಹೆದರಿಸಿದ್ದ. ಲಿಫ್ಟಣ್ಣ ಬಾಗಿಲಿಗೆ ಒರಗಿ ಪೂರ್ತಿ ಕೇಳಿದ. “ಇವನ್ ದೋ...” ಎಂದ. ಮಾರುವವನು ಮತ್ತೆ ಮೊದಲಿಂದ ವಿವರಿಸಿದ. “ಬಟ್ ಸ್ಟಿಲ್...” ಎಂದ ಲಿಫ್ಟಣ್ಣ. ಅವನು ಬೆವರೊರೆಸಿಕೊಂಡು ಇನ್ನೊಂದು ಸುತ್ತು ವಿವರಿಸಿದ. ಆಗ ಲಿಫ್ಟಣ್ಣ ಕಣ್ಣು ಮುಚ್ಚಿ, “ಆಂಡ್ ಯೆಟ್, ನೆವರ್‌ದಿಲೆಸ್!” ಎಂದುಬಿಟ್ಟ. ಎಣಿಸಿದರೆ ನಾಲ್ಕು ಸಲ ‘ಆದರೂ’ ಎಂದಂತಾಯಿತು. ಇಷ್ಟು ‘ಆದರೂ’ಗಳಿಗೆ ಉತ್ತರ ಕೊಡಬಲ್ಲ ಯಂತ್ರ ಇನ್ನೂ ತಯಾರಾಗಿಲ್ಲ. ಮಾರುವವನು ಚೀಲ ಮಡಚಿಕೊಂಡು ಹೊರಟ. ಅಂದಿನಿಂದ ಲಿಫ್ಟಣ್ಣನ ಪದವಿ ಖಾಯಂ ಆಯಿತು.

ಎರಡೇ ಎರಡು ಮಾತಿನಲ್ಲಿ ಅವನಿಗೆ ತೊಡಕಿತ್ತು: ‘ಓನ್ಲಿ ಇಫ್’ ಮತ್ತು ‘ಇಫ್ ಓನ್ಲಿ’. ಅವೇ ಎರಡು ಪದ, ಜಾಗ ಮಾತ್ರ ಅದಲು ಬದಲು. ‘ಓನ್ಲಿ’ ಮುಂದೆ ಕೂತರೆ ‘ಹೀಗೆ ಮಾಡಿದರೆ ಮಾತ್ರ’ ಎಂಬ ಷರತ್ತು, ವಕೀಲರ ಮಾತು. ಅದೇ ‘ಓನ್ಲಿ’ ಹಿಂದೆ ಕೂತರೆ ‘ಅಯ್ಯೋ, ಹಾಗಾಗದೆ ಇದ್ದಿದ್ದರೆ’ ಎಂಬ ನಿಟ್ಟುಸಿರು, ನೊಂದವರ ಮಾತು. ಷರತ್ತಿಗೂ ಕಣ್ಣೀರಿಗೂ ನಡುವೆ ಇಂಗ್ಲಿಷಿನವರು ಇಷ್ಟೇ ಇಷ್ಟು ಜಾಗ ಬಿಟ್ಟಿದ್ದಾರೆ. ಲಿಫ್ಟಣ್ಣ ಅಲ್ಲೇ ಜಾರಿದ್ದು.

ಅವನ ಮನೆ ಕೆಳಗೆ. ಮೇಲಿನ ಮನೆಗೆ ಹೊಸದಾಗಿ ಪರದೇಶದ ಹಿರಿಯರೊಬ್ಬರು ಬಾಡಿಗೆಗೆ ಬಂದಿದ್ದರು. ಯಾವುದೋ ಕಾರ್ಖಾನೆಗೆ ಯಂತ್ರ ಜೋಡಿಸಿಕೊಡಲು ಬಂದವರು; ಎತ್ತರದ ಆಳು, ನುಣ್ಣನೆ ತಲೆ, ಯಾರು ಕಂಡರೂ ಹ್ಯಾಟು ಎತ್ತುವ ಅಭ್ಯಾಸ. ನಾವು ಅವರನ್ನು ಮೇಲ್ಮನೆ ಸಾಹೇಬರು ಎನ್ನುತ್ತಿದ್ದೆವು. ಸಾಹೇಬರು ಬಂದ ಸ್ವಲ್ಪ ದಿನಕ್ಕೆ ಅವರ ಬಚ್ಚಲಿನ ನೀರು ಲಿಫ್ಟಣ್ಣನ ಮನೆಯ ಸೂರಿನಿಂದ ತೊಟ್ಟಿಕ್ಕತೊಡಗಿತು. ಅದೂ ಎಲ್ಲಿ? ಅವನ ಹೆಂಡತಿಯ ಹೊಲಿಗೆ ಕೋಣೆಯಲ್ಲಿ.

ಆಕೆ ಬೀದಿಗೆಲ್ಲ ಟೈಲರಮ್ಮ. ಒಂದು ಆಸ್ಪತ್ರೆಯ ನರ್ಸುಗಳಿಗೆಲ್ಲ ಬಿಳಿ ಕೋಟು ಹೊಲಿದುಕೊಡಲು ಒಪ್ಪಿಕೊಂಡಿದ್ದರು. ಕತ್ತರಿಸಿದ ಬಿಳಿ ಬಟ್ಟೆ ಕೋಣೆಯ ತುಂಬ. ಸೂರಿನಿಂದ ಬೀಳುವ ತೊಟ್ಟಿನ ಬಣ್ಣ ತುಕ್ಕಿನದು. ಒಂದು ಕಲೆ ಬಿದ್ದರೂ ಆಸ್ಪತ್ರೆಯವರು ಬಟ್ಟೆ ಮುಖದ ಮೇಲೆಸೆಯುತ್ತಾರೆ, ಮತ್ತೆಂದೂ ಕೆಲಸ ಕೊಡುವುದಿಲ್ಲ. ಟೈಲರಮ್ಮ ಯಂತ್ರವನ್ನು ಈ ಮೂಲೆಗೆ ಎಳೆದರು. ತೊಟ್ಟು ಈ ಮೂಲೆಗೆ ಬಂತು. ಆ ಮೂಲೆಗೆ ಎಳೆದರು. ತೊಟ್ಟೂ ಹಿಂದೆಯೇ ಬಂತು.

“ರೀ, ನಿಮಗೆ ಇಂಗ್ಲಿಷ್ ಬರುತ್ತಲ್ಲ. ಹೋಗಿ ಹೇಳಿ ಬನ್ನಿ” ಎಂದರು.

“ಹೇಳೋಣ ಹೇಳೋಣ. ಬಟ್ ದೆನ್...”

“ಅದನ್ನ ಅವರ ಹತ್ರ ಹೇಳಿ. ನನ್ನ ಹತ್ರ ಯಾಕೆ ಖರ್ಚು ಮಾಡ್ತೀರಾ?”

ಭಾನುವಾರ ಬೆಳಿಗ್ಗೆ ಲಿಫ್ಟಣ್ಣ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಮೆಟ್ಟಿಲು ಹತ್ತಿದ. ಪೋಸ್ಟ್ ಮಾಸ್ಟರು, ಟೈಲರಮ್ಮ, ಆಕೆಯ ತಮ್ಮ, ನಾವು ನಾಲ್ಕಾರು ಮಂದಿ ಕೆಳಗೆ ಕತ್ತೆತ್ತಿ ನಿಂತೆವು. ಐದು ನಿಮಿಷದ ಕೆಲಸ ಎಂದುಕೊಂಡಿದ್ದೆವು. ಬಿಸಿಲು ಮೆಟ್ಟಿಲ ಬುಡದಿಂದ ನಮ್ಮ ನೆತ್ತಿಗೆ ಬಂತು. ಮೇಲಿನಿಂದ ಸಾಹೇಬರ ಧ್ವನಿ ಒಂದೇ ಸಮನೆ ಕೇಳುತ್ತಿತ್ತು. ನಡುನಡುವೆ ಲಿಫ್ಟಣ್ಣನ ಧ್ವನಿ, ಗಂಭೀರವಾಗಿ, ಒಂದೆರಡು ಮಾತು.

“ನೋಡಿದ್ರಾ? ಸಾಹೇಬರಿಗೇ ಬೆವರಿಳಿಸ್ತಿದ್ದಾನೆ” ಎಂದರು ಪೋಸ್ಟ್ ಮಾಸ್ಟರು.

ಮೇಲೆ ನಡೆದದ್ದು ಏನೆಂದರೆ, ಸಾಹೇಬರು ತಮ್ಮ ತೀರಿಹೋದ ಹೆಂಡತಿಯ ಕಥೆ ಹೇಳಿಕೊಳ್ಳುತ್ತಿದ್ದರು. ಇವನು ಒಳಗೆ ಹೋಗಿ “ಆಕ್ಚುಲಿ...” ಎಂದು ಬಾಯಿ ತೆರೆದಿದ್ದಾನೆ. ಕಣ್ಣು ಗೋಡೆಯ ಮೇಲಿದ್ದ ಹೆಂಗಸಿನ ಪಟಕ್ಕೆ ಬಿದ್ದಿದೆ. ಸಾಹೇಬರು ಅದನ್ನು ನೋಡಿ ಮಾತು ಶುರುಮಾಡಿದ್ದಾರೆ. ಅವರು ಉಸಿರು ತೆಗೆದುಕೊಂಡಲ್ಲಿ ಇವನು “ಎವರ್ ಸಿನ್ಸ್...” ಎಂದಿದ್ದಾನೆ. ‘ಅಂದಿನಿಂದ ಇಂದಿನವರೆಗೂ’ ಎಂದರ್ಥ. ಸಾಹೇಬರ ಕಣ್ಣು ತುಂಬಿದೆ. ಮುಂದೆ ಒಂದು ಕಡೆ ಇವನು ವಕೀಲರ ‘ಓನ್ಲಿ ಇಫ್’ ಹಾಕಲು ಹೋಗಿ, ನಾಲಿಗೆ ಹೊರಳಿ, “ಇಫ್ ಓನ್ಲಿ...” ಎಂದಿದ್ದಾನೆ. ಸಾಹೇಬರು ಬೆಚ್ಚಿ ಇವನ ಮುಖ ನೋಡಿದ್ದಾರೆ. ಕೊನೆಗೆ “ಆಂಡ್ ಯೆಟ್” ಎಂದು ಎದ್ದಿದ್ದಾನೆ. ‘ಆದರೂ ಬದುಕಬೇಕಲ್ಲ’ ಎಂದು ಅವರಿಗೆ ಕೇಳಿಸಿದೆ. ಅಂದಿನಿಂದ, ಹಾಗಾಗದೆ ಇದ್ದಿದ್ದರೆ, ಆದರೂ. ಇಷ್ಟಾದ ಮೇಲೆ ಯಾರಿಗೆ ತಾನೇ ಅನುಮಾನ ಉಳಿಯುತ್ತದೆ? ಪಾಪ, ಈ ಮನುಷ್ಯನ ಹೆಂಡತಿಯೂ ತೀರಿಕೊಂಡಿದ್ದಾಳೆ ಎಂದು ಸಾಹೇಬರು ತೀರ್ಮಾನಿಸಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ.

ಲಿಫ್ಟಣ್ಣ ಇಳಿದು ಬಂದಾಗ ನಾವೆಲ್ಲ ಮುತ್ತಿದೆವು.

“ಏನಂದ್ರು?”

“ಮಾತಾಡಿದ್ವಿ.”

“ಬಚ್ಚಲು ಯಾವಾಗ ಸರಿ ಮಾಡಿಸ್ತಾರಂತೆ?” ಎಂದರು ಟೈಲರಮ್ಮ.

“ಬಚ್ಚಲು... ಬಟ್ ದೆನ್... ನೋಡೋಣ ಕಣೇ” ಎಂದು ಅವನು ಒಳಗೆ ಹೋಗಿ, ತಾನೇ ಬಕೆಟ್ಟು ತಂದು ತೊಟ್ಟಿನ ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಸಾಹೇಬರು ಕಪ್ಪು ಕೋಟು ತೊಟ್ಟು, ತಮ್ಮ ದೇಶದಲ್ಲಿ ಸಾವಿನ ಮನೆಗೆ ಹೋಗುವಂತೆ ತೋಳ ತುಂಬ ಬಿಳಿ ಹೂ ಹಿಡಿದು, ಕೆಳಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದವರು ಟೈಲರಮ್ಮ. ಯಾರೋ ನೆಂಟರೆಂದುಕೊಂಡಿರಬೇಕು, ಸಾಹೇಬರು ಹ್ಯಾಟು ತೆಗೆದು, ತಲೆ ಬಗ್ಗಿಸಿ, ಹೂ ಕೊಟ್ಟರು. ಮದುವೆಯಾದಾಗಿನಿಂದ ಲಿಫ್ಟಣ್ಣ ಒಂದು ಎಲೆಯನ್ನೂ ಕೊಟ್ಟವನಲ್ಲ. ಆಕೆಯ ಕೆನ್ನೆ ಕೆಂಪಾಯಿತು.

“ಅಯ್ಯೋ, ಇದೆಲ್ಲ ಯಾಕೆ ಸ್ವಾಮಿ? ತೊಟ್ಟಿಕ್ಕೋದು ನಿಂತ್ರೆ ಸಾಕಾಗಿತ್ತು” ಎಂದರು.

ಅಷ್ಟರಲ್ಲಿ ಲಿಫ್ಟಣ್ಣ ಸ್ನಾನ ಮುಗಿಸಿ ಟವೆಲ್ಲಿನಲ್ಲಿ ಬಂದ. ಸಾಹೇಬರು ಟೈಲರಮ್ಮನ ಕಡೆ ಕೈ ತೋರಿಸಿ ಮೆಲ್ಲಗೆ ಏನೋ ಕೇಳಿದರು. ಯಾರೆಂದು ಕೇಳುತ್ತಿದ್ದಾರೆ ಎಂದು ಗೊತ್ತಾಗಲು ಇಂಗ್ಲಿಷ್ ಬೇಕಿಲ್ಲ.

“ಮೈ ವೈಫ್!” ಎಂದ ಲಿಫ್ಟಣ್ಣ ಹೆಮ್ಮೆಯಿಂದ.

ಸಾಹೇಬರು ಹೂ ನೋಡಿದರು, ಆಕೆಯನ್ನು ನೋಡಿದರು, ಇವನನ್ನು ನೋಡಿದರು. “ವೈಫ್?” ಎಂದರು. ಅವರ ಮುಖ ನೋಡಿ ಲಿಫ್ಟಣ್ಣನಿಗೆ ಇನ್ನೂ ಒಂದು ಮಾತು ಸೇರಿಸಬೇಕೆನ್ನಿಸಿತು. ಸೇರಿಸಿದ.

“ಆಲ್ರೆಡಿ!”

ಇಷ್ಟು ಬೇಗ ಇನ್ನೊಂದು ಮದುವೆಯೇ ಎಂದು ಸಾಹೇಬರ ಎದೆ ಧಸಕ್ಕೆಂದಿರಬೇಕು. ಹ್ಯಾಟು ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲು ಹತ್ತಿ ಹೋದರು.

ಪರದೇಶದವರು ಟೈಲರಮ್ಮನಿಗೆ ಹೂ ಕೊಟ್ಟ ಸುದ್ದಿ ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ಹೂವಿನ ಜೊತೆ ಒಂದು ಉಂಗುರವೂ ಸೇರಿಕೊಂಡಿತ್ತು. ಆ ತುದಿಯಲ್ಲೇ ಟೈಲರಮ್ಮನ ತಮ್ಮನ ಜೆರಾಕ್ಸ್ ಅಂಗಡಿ. ಅವನು ಯಾವ ವಿಷಯವನ್ನೂ ಒಂದೇ ಪ್ರತಿಯಲ್ಲಿ ಇಟ್ಟುಕೊಳ್ಳುವವನಲ್ಲ. ಯಂತ್ರ ಆರಿಸಿ, ತೋಳು ಮಡಚಿ, ದಡದಡ ಮೇಲ್ಮನೆಗೆ ಹತ್ತಿದ.

“ನಮ್ಮಕ್ಕಂಗೆ ಹೂವು ಕೊಡೋಕೆ ನೀವ್ಯಾರ್ರೀ?”

ಸಾಹೇಬರು ಕುರ್ಚಿ ತೋರಿಸಿದರು. ಕೆಳಮನೆಯ ಕಡೆ ಬೆರಳು ತೋರಿಸುತ್ತ, ಸಮಾಧಾನವಾಗಿ, ಬಿಡಿಬಿಡಿಸಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದರು. ಅದರಲ್ಲಿ ಜೆರಾಕ್ಸಿನವನಿಗೆ ಎರಡು ಮಾತು ಸ್ವಚ್ಛವಾಗಿ ಕೇಳಿಸಿದವು: ‘ವೈಫ್’ ಮತ್ತು ‘ಡೈಡ್’. ಅವನು ಹತ್ತಿದ್ದಕ್ಕಿಂತ ಜೋರಾಗಿ ಇಳಿದು ಬಂದ.

“ಭಾವಾ! ನಿಮಗೆ ಮೊದಲ್ನೇ ಹೆಂಡ್ತಿ ಇದ್ಲಾ? ಸತ್ತೋದ್ಲಾ? ಹೇಗೆ ಸತ್ಲು?”

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಎದ್ದರು. “ಏನ್ರೀ ಇದು?”

“ಏ, ಸುಳ್ಳು ಕಣೇ! ನಿನ್ನ ಬಿಟ್ರೆ ನಂಗೆ ಯಾರೂ ಇಲ್ಲ!” ಎಂದ ಲಿಫ್ಟಣ್ಣ. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಮುಗಿದಿರುತ್ತಿತ್ತು. ಗಾಬರಿಯಲ್ಲಿ ನಾಲಿಗೆ ಅಭ್ಯಾಸದ ದಾರಿ ಹಿಡಿಯಿತು. “ಬಟ್ ದೆನ್...”

“ಬಟ್ ದೆನ್ ಏನು?” ಕತ್ತರಿ ಬಾಯಿ ತೆರೆಯಿತು.

“ಏನಿಲ್ಲ ಕಣೇ. ಇವನ್ ದೋ...”

“ಅಯ್ಯೋ! ‘ಇವನ್ ದೋ’ ಅಂದ್ರೆ ‘ಇದ್ದರೂ ಕೂಡ’ ಅಂತ!” ಎಂದು ಕಿಟಕಿಯ ಹೊರಗಿನಿಂದ ಪೋಸ್ಟ್ ಮಾಸ್ಟರು ಬಟವಾಡೆ ಮಾಡಿದರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಬಾಯಿಮಾತಿನ ಇಂಗ್ಲಿಷ್ ಸಮಯಕ್ಕೆ ಸರಿಯಾಗಿ ಅರ್ಥವಾಗಿತ್ತು. ಅದಕ್ಕೆ ಅವರು ಇನ್ನೊಂದು ದಿನ ಆರಿಸಿಕೊಳ್ಳಬಹುದಿತ್ತು. ಅಷ್ಟಕ್ಕೆ ಸುಮ್ಮನಾಗದೆ, “ಸಾವಿನ ವಿಷಯ. ಬಾಯಿಮಾತಲ್ಲಿ ಬಿಡೋಕಾಗಲ್ಲ” ಎಂದು ಕೊಡೆ ತೆಗೆದುಕೊಂಡು ನೇರ ಪೊಲೀಸ್ ಠಾಣೆಗೆ ನಡೆದರು.

ಸಬ್ ಇನ್‌ಸ್ಪೆಕ್ಟರು ಬಂದರು. ಅವರು ಓದುವ ಕಾಲದಲ್ಲಿ ಇಂಗ್ಲಿಷ್ ನಾಟಕದಲ್ಲಿ ರಾಜನ ಪಾತ್ರ ಮಾಡಿದ್ದವರಂತೆ. ಅಂದಿನಿಂದ ಅವರ ಇಂಗ್ಲಿಷಿಗೆ ಕಿರೀಟ ಇತ್ತು, ಪ್ರಜೆಗಳಿರಲಿಲ್ಲ. ಸಾಹೇಬರು ಎದುರಿಗೆ ಸಿಕ್ಕಿದ್ದು ಅವರಿಗೆ ಒಳಗೊಳಗೇ ಖುಷಿ. ಹೊಲಿಗೆ ಕೋಣೆಯಲ್ಲೇ ವಿಚಾರಣೆ ಶುರುವಾಯಿತು. ಒಂದು ಕಡೆ ಸಾಹೇಬರು, ಒಂದು ಕಡೆ ಟೈಲರಮ್ಮ ಮತ್ತು ತಮ್ಮ, ನಡುವೆ ಬಿಳಿ ಬಟ್ಟೆಯ ರಾಶಿಗಳ ಮಧ್ಯೆ ಲಿಫ್ಟಣ್ಣ. ನಾವೆಲ್ಲ ಕಿಟಕಿಯಲ್ಲಿ.

“ಏನಯ್ಯಾ, ಮೊದಲ್ನೇ ಹೆಂಡ್ತಿ ಹೆಸರೇನು?”

“ಇಲ್ಲ ಸ್ವಾಮಿ, ಇಲ್ದೇ ಇರೋಳಿಗೆ ಹೆಸರು ಎಲ್ಲಿಂದ ತರಲಿ?”

“ಮತ್ತೆ ಇವರ ಹತ್ರ ಹೆಂಡ್ತಿ ಸತ್ಲು ಅಂತ ಯಾಕೆ ಹೇಳ್ದೆ?”

“ಹೇಳಿಲ್ಲ ಸ್ವಾಮಿ.”

ಸಬ್ ಇನ್‌ಸ್ಪೆಕ್ಟರು ಸಾಹೇಬರ ಕಡೆ ತಿರುಗಿ, ಬಲಗೈ ಮುಂದೆ ಚಾಚಿ, ಆಸ್ಥಾನದಲ್ಲಿ ನಿಂತಂತೆ ಇಂಗ್ಲಿಷಿನಲ್ಲಿ ಕೇಳಿದರು: ಈ ಮನುಷ್ಯ ನಿಮ್ಮ ಬಳಿ ಆಡಿದ ಮಾತನ್ನು ಇದ್ದದ್ದು ಇದ್ದಂತೆ ಹೇಳಿ. ಸಾಹೇಬರು ಯಂತ್ರದ ಕೆಲಸದವರು, ಒಂದು ತಿರುಪನ್ನೂ ಹೆಚ್ಚು ಕಡಿಮೆ ಮಾಡುವವರಲ್ಲ. ನೆನಪು ಮಾಡಿಕೊಂಡು, ಒಂದೊಂದಾಗಿ ಹೇಳಿದರು.

“ಆಕ್ಚುಲಿ. ಎವರ್ ಸಿನ್ಸ್. ಇಫ್ ಓನ್ಲಿ. ಆಂಡ್ ಯೆಟ್.”

ಸಬ್ ಇನ್‌ಸ್ಪೆಕ್ಟರು ಕಾದರು. “ಆಮೇಲೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಾಹೇಬರು ಮತ್ತೆ ಯೋಚಿಸಿದರು. ಅಷ್ಟೇ ಎಂದರು. ಹಾಗೆನ್ನುತ್ತಿದ್ದಂತೆ ಅವರ ಮುಖ ನಿಧಾನವಾಗಿ ಬದಲಾಯಿತು. ಅಷ್ಟು ಹೊತ್ತಿನ ಮಾತುಕತೆಯಲ್ಲಿ ಎದುರಿನವನು ಒಂದು ವಾಕ್ಯವನ್ನೂ ಆಡಿಲ್ಲವೆಂಬುದು ಅವರಿಗೆ ಆಗ ಹೊಳೆದಿರಬೇಕು.

ಸರಿಯಾಗಿ ಅದೇ ಹೊತ್ತಿಗೆ ಸೂರಿನಿಂದ ಒಂದು ದಪ್ಪ ತೊಟ್ಟು ಸಾಹೇಬರ ನುಣ್ಣನೆ ತಲೆಯ ಮೇಲೆ ಟಪ್ಪೆಂದು ಬಿತ್ತು. ಅವರು ತಲೆ ಮುಟ್ಟಿಕೊಂಡರು, ಬೆರಳಿನ ತುಕ್ಕುನೀರು ನೋಡಿದರು, ಸೂರು ನೋಡಿದರು, ಕೆಳಗಿನ ಬಕೆಟ್ಟು, ಸುತ್ತಲಿನ ಬಿಳಿ ಬಟ್ಟೆ, ಟೈಲರಮ್ಮನ ಮುಖ ನೋಡಿದರು. “ಓ!” ಎಂದರು. ಅದರ ಅರ್ಥವನ್ನು ಯಾರೂ ನಮಗೆ ಹೇಳಬೇಕಾಗಲಿಲ್ಲ.

“ಲೋ, ಇದನ್ನ ಹೇಳೋಕೆ ತಾನೇ ನೀನು ಹೋಗಿದ್ದು?” ಎಂದು ಸಬ್ ಇನ್‌ಸ್ಪೆಕ್ಟರು ಗುಡುಗಿದರು. “ನಿನಗೆ ಇಂಗ್ಲಿಷ್ ಬರುತ್ತಾ?”

ಲಿಫ್ಟಣ್ಣ ಹೆಂಡತಿಯನ್ನು ನೋಡಿದ. ಕಿಟಕಿಯಲ್ಲಿದ್ದ ನಮ್ಮನ್ನು ನೋಡಿದ.

“ಬರಲ್ಲ ಸ್ವಾಮಿ. ಲಿಫ್ಟಲ್ಲಿ ಕೇಳಿ ಕೇಳಿ ನಡುವಿನ ಮಾತು ಒಂದಷ್ಟು ಬಾಯಿಗೆ ಬಂದಿದೆ. ಮುಂದಿಂದೂ ಬರಲ್ಲ, ಹಿಂದಿಂದೂ ಬರಲ್ಲ.”

“ಹಾಗಿದ್ರೆ ಬಚ್ಚಲು ತೋರಿಸಿ, ನೆಲ ತೋರಿಸಿ, ಕೈಸನ್ನೆ ಮಾಡಿ ಬರೋದಲ್ವೇನಯ್ಯಾ? ಅಷ್ಟು ಹೊತ್ತು ಕೂತು ಏನು ಮಾಡ್ದೆ?”

“ತೋರಿಸಬೇಕು ಅಂತಾನೇ ಹೋಗಿದ್ದು ಸ್ವಾಮಿ. ಅಷ್ಟರಲ್ಲಿ ಅವರು ಆಯಮ್ಮನ ಪಟ ಕೈಗೆ ತಗೊಂಡ್ರು. ಮೇಜಿನ ಮೇಲೆ ನೋಡಿದ್ರೆ ಒಬ್ಬರೇ ಇರೋ ಮನೇಲಿ ಎರಡು ಕಪ್ಪು ಇಟ್ಟಿದ್ರು. ಒಂದು ಮಾತೂ ಅರ್ಥ ಆಗಲಿಲ್ಲ. ಆದ್ರೆ ಹೆಂಡ್ತಿ ವಿಷಯ ಅಂತ ಗೊತ್ತಾಯ್ತು. ಹೆಂಡ್ತಿನ ಕಳ್ಕೊಂಡೋರು ಅಳ್ತಾ ಇದ್ರೆ ನಾನು ಬಚ್ಚಲು ಸೋರುತ್ತೆ ಅಂತ ಹೇಗೆ ಹೇಳಲಿ ಸ್ವಾಮಿ? ಅವರು ನಿಲ್ಲಿಸಿದಾಗೆಲ್ಲ, ಇನ್ನೂ ಹೇಳಲಿ ಪಾಪ ಅಂತ, ನನ್ನ ಹತ್ರ ಇದ್ದಿದ್ದು ಒಂದೊಂದೇ ಕೊಟ್ಟೆ.”

ಟೈಲರಮ್ಮ ಕತ್ತರಿ ಕೆಳಗಿಟ್ಟರು. ಸಬ್ ಇನ್‌ಸ್ಪೆಕ್ಟರು ಟೋಪಿ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಸಾಹೇಬರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು; ಈ ಸಲ ಕೈ ಚಾಚಲಿಲ್ಲ.

ಸಾಹೇಬರು ಬೈಯುತ್ತಾರೆ ಎಂದುಕೊಂಡೆವು. ಬೈಯಲಿಲ್ಲ. ಅವರು ಹೇಳಿದ್ದನ್ನು ಸಬ್ ಇನ್‌ಸ್ಪೆಕ್ಟರು ನಮಗೆ ತಿರುಗಿಸಿ ಹೇಳಿದರು: “ಈ ಊರಿಗೆ ಬಂದ ಮೇಲೆ ಎಲ್ಲರೂ ಇವರ ಹತ್ರ ಸರಿಯಾದ ಇಂಗ್ಲಿಷಲ್ಲೇ ಮಾತಾಡ್ತಾರಂತೆ. ಯಾವ ದೇಶ, ಏನು ಕೆಲಸ, ಹವೆ ಒಗ್ಗಿತಾ, ಅಷ್ಟು ಕೇಳಿ ಹೊರಟು ಹೋಗ್ತಾರಂತೆ. ಇವನೊಬ್ಬನೇ ಅಂತೆ ಕೂತು ಪೂರ್ತಿ ಕೇಳಿದ್ದು.” ಹೇಳಿ ಮುಗಿಸಿ, “ಕೇಸಿಲ್ಲ, ಏನಿಲ್ಲ, ಎಲ್ಲ ಹೊರಡ್ರಿ” ಎಂದು ನಮ್ಮ ಮೇಲೆ ರೇಗಿದರು.

ಸಾಹೇಬರು ಅಂದೇ ಮಧ್ಯಾಹ್ನ ತೋಳು ಮಡಚಿ ತಮ್ಮ ಬಚ್ಚಲಿನ ನೆಲವನ್ನು ತಾವೇ ಅಗೆದು, ತುಕ್ಕು ಹಿಡಿದ ಪೈಪು ಬದಲಿಸಿದರು. ಜೆರಾಕ್ಸಿನವನು ಮಾತಿಲ್ಲದೆ ಕಲ್ಲುಮಣ್ಣು ಹೊತ್ತು ಕೆಳಗೆ ಹಾಕಿದ. ನರ್ಸುಗಳ ಕೋಟುಗಳು ಒಂದು ಕಲೆಯೂ ಇಲ್ಲದೆ ಆಸ್ಪತ್ರೆ ಸೇರಿದವು. ಆ ವಾರ ಟೈಲರಮ್ಮ ಗಂಡನ ಷರ್ಟಿಗೆಲ್ಲ ಹೊಸ ಗುಂಡಿ ಹಾಕಿಕೊಟ್ಟರು. ಕೇಳಿದ್ದಕ್ಕೆ, “ಹಳೇವು ಸಡಿಲ ಆಗಿದ್ವು” ಎಂದರಷ್ಟೇ. ಸಡಿಲವಾಗಿರಲಿಲ್ಲ, ನಾವು ನೋಡಿದ್ದೇವೆ.

ಈಗ ಭಾನುವಾರವೆಂದರೆ ಲಿಫ್ಟಣ್ಣ ಮೇಲ್ಮನೆಗೆ ಹೋಗುತ್ತಾನೆ. ಪಾಠ ನಡೆಯುತ್ತದೆ. ಸಾಹೇಬರು ಇವನಿಗೆ ಇಂಗ್ಲಿಷಿನ ಮುಂದಿನದು ಹಿಂದಿನದು ಕಲಿಸುತ್ತಾರೆ. ಅದು ಅಷ್ಟೇನೂ ಹತ್ತಿಲ್ಲ. ಇವನು ಅವರಿಗೆ ನಮ್ಮ ಮಾತು ಕಲಿಸುತ್ತಾನೆ. ಎಲ್ಲಿಂದ ಶುರುಮಾಡಿದ ಎಂದು ಬೇರೆ ಹೇಳಬೇಕೇ? ಮೊನ್ನೆ ಸಾಹೇಬರು ಚೀಲ ಹಿಡಿದು ತರಕಾರಿ ಅಂಗಡಿಗೆ ಬಂದರು. ಅಂಗಡಿಯವನು ಯಾರನ್ನು ಕಂಡರೂ ಗುರ್ರೆನ್ನುವ ಮನುಷ್ಯ. ಸಾಹೇಬರು ಟೊಮೆಟೊ ಕೈಗೆತ್ತಿಕೊಂಡು, ಅವನ ಮುಖವನ್ನೇ ನೋಡಿ, ಮೆಲ್ಲಗೆ, “ಆದರೂ...” ಎಂದರು.

ಅವನು ತಕ್ಕಡಿ ಕೆಳಗಿಟ್ಟ. “ಅದೇ ಅಲ್ವಾ ಸ್ವಾಮಿ ನಾನೂ ಹೇಳೋದು!” ಎಂದು ಶುರುಮಾಡಿದ. ಅಣ್ಣ ತಮ್ಮಂದಿರು ಅಂಗಡಿ ಪಾಲು ಮಾಡಿಕೊಂಡದ್ದು, ಮಗಳು ಮಾತು ಬಿಟ್ಟದ್ದು, ಮೊಣಕಾಲು ನೋವು, ಎಲ್ಲ ಬಂತು. ಸಾಹೇಬರು ಒಂದು ಕಡೆ “ಅಷ್ಟರಲ್ಲಿ?” ಎಂದರು, ಇನ್ನೊಂದು ಕಡೆ “ಅದಕ್ಕೇ...” ಎಂದರು. ಹಿಂದೆ ಚೀಲ ಹಿಡಿದು ಕಾಯುತ್ತಿದ್ದ ನಾವು ಹೊತ್ತಾಯಿತೆಂದು ಕೆಮ್ಮಿದೆವು. ಸಾಹೇಬರು ತರಕಾರಿ ತೆಗೆದುಕೊಂಡು, ಹ್ಯಾಟು ಎತ್ತಿ, ಹೊರಟರು.

ಅಂಗಡಿಯವನು ಕಣ್ಣೊರೆಸಿಕೊಂಡು, ಅವರು ಹೋದ ದಾರಿಯನ್ನೇ ನೋಡುತ್ತ ನಮಗೆ ಹೇಳಿದ:

“ಪರದೇಶದವರಾದ್ರೇನು, ನಮ್ಮ ಭಾಷೆನ ಎಷ್ಟು ಚೆನ್ನಾಗಿ ಮಾತಾಡ್ತಾರೆ ನೋಡಿ!”